ಜಪಾನೀಸ್ ಕಲಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆನ್‌ಲೈನ್ ಪಾಠಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಓದಿಕೊಂಡು ಹೋಗುತ್ತಿದ್ದೇನೆ. ಲಿಪಿಯನ್ನು ಆಮೇಲೆ ಕಲಿತರೆ ಆಗದೇ? – ಓದುಗರು, ಶಿವಮೊಗ್ಗ

ಉತ್ತರ: ಮುಂದೆ ಹಾಕಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ದೀರ್ಘ ಎಷ್ಟೋ ಸಲ ಬಿಟ್ಟುಹೋಗುತ್ತದೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಅಂಚೆಚೀಟಿಗೆ ‘ಕಿತ್ತೆ’ ಎನ್ನಬೇಕು. ಒತ್ತು ಬಿಟ್ಟು ‘ಕಿತೆ’ ಎಂದರೆ ‘ಬಂದು’ ಎಂದಾಗುತ್ತದೆ. ದೀರ್ಘ, ಒತ್ತು ಎರಡೂ ಕನ್ನಡಿಗರ ನಾಲಿಗೆಗೆ ಹೊಸದಲ್ಲ, ಆ ಅನುಕೂಲ ಬಿಟ್ಟುಕೊಡಬೇಡಿ.

ಜಪಾನೀಸಿನಲ್ಲಿ ಮೊದಲು ಕಲಿಯುವ ಉಚ್ಚಾರಣಾ ಲಿಪಿ ಹಿರಗಾನದಲ್ಲಿ 46 ಮೂಲ ಅಕ್ಷರಗಳು. ದಿನಕ್ಕೆ ಐದು ಬರೆದರೆ ಹತ್ತು ದಿನದಲ್ಲಿ ಮುಗಿಯುತ್ತದೆ. ಅ, ಇ, ಉ, ಎ, ಒ ಆದಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಮೂಲಕ ಜಪಾನಿಗೆ ಹೋದ ಸಂಸ್ಕೃತ ವರ್ಣಮಾಲೆಯ ಕ್ರಮವೇ ಇದಕ್ಕೆ ಆಧಾರ. ನಿಜವಾದ ತೊಡಕು, ಮುಖ್ಯವಾಗಿ ಹೊರಭಾಷೆಯ ಪದಗಳಿಗೆ ಬಳಸುವ ಇನ್ನೊಂದು ಲಿಪಿ ಕತಕಾನದ ‘ಶಿ’ ಮತ್ತು ‘ತ್ಸು’. ಎರಡರಲ್ಲೂ ಎರಡು ಗಿಡ್ಡ ಗೆರೆ, ಒಂದು ಉದ್ದ ಗೆರೆ. ‘ಶಿ’ಯಲ್ಲಿ ಗಿಡ್ಡ ಗೆರೆಗಳು ಎಡಕ್ಕೆ ಒಂದರ ಕೆಳಗೊಂದು, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ. ‘ತ್ಸು’ವಿನಲ್ಲಿ ಅವು ಮೇಲೆ ಅಕ್ಕಪಕ್ಕ, ಉದ್ದ ಗೆರೆ ಮೇಲಿನಿಂದ ಕೆಳಕ್ಕೆ. ಮೊಬೈಲಿನಲ್ಲಿ ನೋಡಿ ಗುರುತಿಸುವುದಷ್ಟೇ ಅಭ್ಯಾಸವಾದರೆ ಇವು ಕಲಸಿಹೋಗುತ್ತವೆ. ಪೆನ್ಸಿಲ್ ಹಿಡಿದು ಬರೆಯಿರಿ.

ಪ್ರಶ್ನೆ: ಪಾಠದಲ್ಲಿ ‘ಹಿನಮತ್ಸುರಿ’ ಬಂತು. ನಮ್ಮ ದಸರಾ ಗೊಂಬೆಯಂತೆಯೇ? ಹಬ್ಬದಿಂದ ಭಾಷೆ ಕಲಿಯಬಹುದೇ? – ಓದುಗರು, ಮೈಸೂರು

ಉತ್ತರ: ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವುದರಲ್ಲಿ ಹೋಲಿಕೆಯುಂಟು. ಇದು ಮಾರ್ಚ್ 3ರಂದು ಹೆಣ್ಣುಮಕ್ಕಳ ಒಳಿತಿಗಾಗಿ ಮಾಡುವ ಹಬ್ಬ. ಪೂರ್ಣ ಜೋಡಣೆಗೆ ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು, 15 ಗೊಂಬೆ: ಮೇಲೆ ಚಕ್ರವರ್ತಿ ದಂಪತಿ, ಕೆಳಗೆ ಮೂವರು ಸಖಿಯರು, ಐವರು ವಾದ್ಯಗಾರರು, ಇಬ್ಬರು ಮಂತ್ರಿಗಳು, ಮೂವರು ಸೇವಕರು. ಮನೆ ಚಿಕ್ಕದಿದ್ದರೆ ಮೇಲಿನ ಜೋಡಿಯೊಂದೇ ಸಾಕು. ಹಬ್ಬ ಕಳೆದ ಮೇಲೂ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆಂಬ ನಂಬಿಕೆಯಿದೆ.

ಭಾಷೆಗೆ ಇದು ಒಳ್ಳೆಯ ಸಾಮಗ್ರಿ. ‘ತನ ನೊ ಉಎ ನಿ ನಿಂಗ್ಯೋ ಗ ಅರಿಮಸ್’ – ಕಪಾಟಿನ ಮೇಲೆ ಗೊಂಬೆ ಇದೆ. ಪದಗಳ ಸಾಲು ಕನ್ನಡದ್ದೇ. ಆದರೆ ನಾವು ಎಡವುವುದೂ ಇಲ್ಲೇ: ಗೊಂಬೆ ಇದೆ, ನಾಯಿ ಇದೆ, ಮಗು ಇದೆ, ಕನ್ನಡಕ್ಕೆ ಒಂದೇ ‘ಇದೆ’. ಜಪಾನೀಸಿನಲ್ಲಿ ಗೊಂಬೆಗೆ ‘ಅರಿಮಸ್’, ಜೀವವಿರುವ ನಾಯಿಗೂ ಮಗುವಿಗೂ ‘ಇಮಸ್’. ಹಬ್ಬದ ಚಿತ್ರವೊಂದನ್ನು ಎದುರಿಟ್ಟುಕೊಂಡು ಹತ್ತು ವಾಕ್ಯ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಉಚಿತ ಕೋರ್ಸ್ ಇದೆಯೇ? ಜಪಾನೀಸ್ ಭಾಷಾ ಸಾಮರ್ಥ್ಯ ಪರೀಕ್ಷೆಯ ಅತಿ ಸುಲಭ ಹಂತವಾದ ಎನ್5ಗೆ ಅದು ಸಾಕೇ? – ಓದುಗರು, ಹುಬ್ಬಳ್ಳಿ

ಉತ್ತರ: ಜಪಾನ್ ಫೌಂಡೇಶನ್ನಿನ ‘ಮಿನಾತೊ’ ತಾಣದಲ್ಲಿ ಸ್ವಯಂ ಕಲಿಕೆಯ ಕೋರ್ಸ್‌ಗಳು ಉಚಿತ. ಎನ್5ಗೆ ಆಲಿಸುವ ಅಭ್ಯಾಸ ಬೇರೆಯಾಗಿಯೇ ಬೇಕು: ಒಟ್ಟು 180ಕ್ಕೆ 80 ಬಂದರೂ ಆಲಿಸುವ ಭಾಗದಲ್ಲಿ 60ಕ್ಕೆ 19 ಬಾರದಿದ್ದರೆ ನಪಾಸು. ಮಾತಿನ ಪರೀಕ್ಷೆ ಇಲ್ಲ. ಮಾತೂ ಬರಬೇಕೆಂದರೆ ವಾರಕ್ಕೊಮ್ಮೆಯಾದರೂ ಶಿಕ್ಷಕರೊಡನೆ ನೇರ ತರಗತಿ ಇಟ್ಟುಕೊಳ್ಳಿ.