ಹಳೇ ಪೇಟೆಯನ್ನು ಕೆಡವದೆ ಉಳಿಸಿಕೊಳ್ಳುವುದು ಹೇಗೆ?

ಹಳೇ ಬೀದಿಗಳನ್ನು ಉಳಿಸುವ ಯೋಜನೆ ಎಲ್ಲಿಂದ ಶುರುವಾಗಬೇಕು ಅಂತ ಕೇಳಿದ್ದೀರಿ. ಮನೆಯವರ ಕೈಯಲ್ಲಿ ರಿಪೇರಿಗೆ ದುಡ್ಡಿದೆಯಾ ಅನ್ನುವುದರಿಂದ ಶುರುವಾಗಬೇಕು ಅಂತ ನನ್ನ ಅನಿಸಿಕೆ.

ಅಹಮದಾಬಾದಿನ ಕೋಟೆಯೊಳಗಿನ ಹಳೇ ಊರನ್ನೇ ನೋಡಿ. 1411ರಲ್ಲಿ ಹುಟ್ಟಿದ ಊರು. ಅಲ್ಲಿನ ಪೋಳ್‌ಗಳೆಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟು ಓಣಿಗಳು. ಒಳಗೆ ಕೆತ್ತನೆಯ ಮರದ ಮನೆಗಳು, ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ, ಹಕ್ಕಿಗಳಿಗೆ ಕಾಳು ಹಾಕುವ ಕಂಬ. ಎಷ್ಟು ಚೆಂದ! ಆದರೆ ಮರದ ಮನೆಯ ರಿಪೇರಿ ದುಬಾರಿ. ಕೆಡವಿ ಕಾಂಕ್ರೀಟ್ ಕಟ್ಟಿದರೆ ಲಾಭ ಜಾಸ್ತಿ. ಸುಮ್ನೆ "ಕೆಡವಬೇಡಿ" ಅಂದರೆ ಯಾರು ಕೇಳುತ್ತಾರೆ?

ಅದಕ್ಕೇ ಅಲ್ಲಿನ ಪಾಲಿಕೆ ಟಿಡಿಆರ್, ಅಂದರೆ ಕಟ್ಟುವ ಹಕ್ಕನ್ನು ಬೇರೆ ಕಡೆಗೆ ವರ್ಗಾಯಿಸುವ ದಾರಿ ಹಿಡಿಯಿತು. ಪಟ್ಟಿಯಲ್ಲಿರುವ ಪಾರಂಪರಿಕ ಮನೆಯ ಮಾಲೀಕರು ತಮ್ಮ ಜಾಗದಲ್ಲಿ ಬಳಸಲಾಗದ ಕಟ್ಟುವ ಹಕ್ಕನ್ನು ಊರಿನ ಬೇರೆ ಕಡೆ ಕಟ್ಟುವ ಬಿಲ್ಡರ್‌ಗೆ ಮಾರಬಹುದು. ಬಂದ ಹಣ ಮನೆಯ ರಿಪೇರಿಗೆ. ಬೆಂಗಳೂರಿನಲ್ಲಿ ರಸ್ತೆ ಅಗಲಿಸಲು ಜಾಗ ಬಿಟ್ಟವರಿಗೆ ಕೊಡುತ್ತಾರಲ್ವಾ, ಅದೇ ಟಿಡಿಆರ್. ಅಹಮದಾಬಾದಿನಲ್ಲಿ ಅದು ಹಳೇ ಮನೆ ಉಳಿಸುವ ಕೆಲಸಕ್ಕೂ ಬಂತು.

ಇದಕ್ಕಿಂತ ಮೊದಲೇ, 1996ರಲ್ಲಿ, ಪಾಲಿಕೆ ಪಾರಂಪರಿಕ ವಿಭಾಗ ತೆರೆದಿತ್ತು. 1997ರಿಂದ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿವರೆಗೆ ಪಾರಂಪರಿಕ ನಡಿಗೆ ನಡೆಯುತ್ತಿದೆ. 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಭಾರತದ ಮೊದಲ ನಗರ ಇದು.

ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಗಳೆಲ್ಲ ಹೋಟೆಲ್, ಗೋದಾಮು ಆಗಿಬಿಟ್ಟರೆ ಜನ ಹೊರಟುಹೋಗುತ್ತಾರೆ. ಹಾಗಾಗಿ ಬಾಡಿಗೆದಾರರು, ಸಣ್ಣ ಅಂಗಡಿಯವರು, ನೀರು, ಚರಂಡಿ, ಪಾರ್ಕಿಂಗ್ ಎಲ್ಲವನ್ನೂ ಮೊದಲ ಸರ್ವೆಯಲ್ಲೇ ಬರೆದುಕೊಳ್ಳಿ.