ಮರಳುನೆಲದ ಅಣಬೆಯನ್ನು ದಾಖಲಿಸುವುದು ಹೇಗೆ?

ಪ್ರಶ್ನೆ: ಪೈನ್ ಮತ್ತು ಓಕ್ ಮರಗಳು ಬೆರೆತು ಬೆಳೆದ ಮರಳುನೆಲದ ಕಾಡಿನಲ್ಲಿ, ಮಳೆ ನಿಂತ ಮೂರನೆಯ ದಿನ ಕಂದು ಬಣ್ಣದ ಅಣಬೆಯೊಂದನ್ನು ಕಂಡೆ. ಅದರ ಕೊಡೆಯ ಅಡಿಯಲ್ಲಿ ಪದರಗಳಿರಲಿಲ್ಲ, ಸಣ್ಣ ರಂಧ್ರಗಳಿದ್ದವು. ಕೊಯ್ದೊಡನೆ ತಿರುಳು ನೀಲಿಯಾಯಿತು. ಮೇಲಿನಿಂದ ಎರಡು ಫೋಟೊ ತೆಗೆದಿದ್ದೇನೆ. ಇದರ ಪ್ರಭೇದವನ್ನು ಗುರುತಿಸಲು ಇಷ್ಟು ಸಾಕೇ?

ಉತ್ತರ: ಸಾಲದು. ನಿಮ್ಮ ವಿವರಣೆಯಿಂದ ಅದು ಬೊಲೀಟ್ ಬಳಗದ್ದೆಂದು, ಅಂದರೆ ಕೊಡೆಯಡಿ ಪದರಗಳ ಬದಲು ರಂಧ್ರಗಳಿರುವ ಅಣಬೆಗಳ ಗುಂಪಿನದ್ದೆಂದು ತಿಳಿಯುತ್ತದೆ. ಆದರೆ ಗಾಳಿಯ ಆಮ್ಲಜನಕ ಸೋಕಿದೊಡನೆ ತಿರುಳು ನೀಲಿಗಟ್ಟುವ ಪ್ರಭೇದಗಳು ಆ ಬಳಗದಲ್ಲಿ ಅನೇಕ ಇರುವುದರಿಂದ, ಬಣ್ಣ ಎಷ್ಟು ಹೊತ್ತಿಗೆ ಬದಲಾಯಿತು, ಕೊಡೆಯಲ್ಲೋ ಕಾಂಡದಲ್ಲೋ ಎಂಬುದನ್ನು ಅಲ್ಲಿಯೇ ನಿಂತು ಬರೆದುಕೊಳ್ಳಬೇಕು. ವಾಸನೆಯನ್ನೂ ಬರೆಯಿರಿ, ಅದು ಯಾವ ಫೋಟೊದಲ್ಲಿಯೂ ಉಳಿಯುವುದಿಲ್ಲ.

ಇಂಥ ಕಾಡಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮರದ ವಿವರ. ಬೊಲೀಟ್‌ಗಳಲ್ಲಿ ಹೆಚ್ಚಿನವು ಮರದ ಬೇರಿನೊಡನೆ ಕೊಡುಕೊಳ್ಳುವ ಸಂಬಂಧದಲ್ಲಿ ಬದುಕುತ್ತವೆ: ನೀರನ್ನೂ ಲವಣಗಳನ್ನೂ ಮರಕ್ಕೆ ಒದಗಿಸಿ, ಸಕ್ಕರೆಯನ್ನು ಪಡೆಯುತ್ತವೆ. ಅವುಗಳಲ್ಲಿ ಸುಯಿಲಸ್ ಎಂಬ ಕುಲದವು ಬಹುಮಟ್ಟಿಗೆ ಪೈನ್ ಕುಟುಂಬದ ಮರಗಳನ್ನೇ ನೆಚ್ಚಿಕೊಂಡಿದ್ದರೆ, ಓಕ್ ಮರದ ಜೊತೆಗಾರರು ಬೇರೆಯೇ ಇದ್ದಾರೆ. ಬೇರುಗಳು ಮರದ ನೆರಳಿನಾಚೆಗೂ ಹರಡುವುದರಿಂದ, ಅಣಬೆಗೆ ತೀರ ಹತ್ತಿರವಿರುವ ಮರವೇ ಅದರ ಸಂಗಾತಿ ಎಂದು ಊಹಿಸಿಬಿಡದೆ, ಸುತ್ತಲಿನ ಎಲ್ಲ ಮರಗಳ ಹೆಸರನ್ನೂ ದೂರವನ್ನೂ ಗುರುತು ಹಾಕಿಕೊಳ್ಳಿ. ಪೈನ್ ಮರದ ಸೂಜಿಯೆಲೆಗಳು ಎರಡು, ಮೂರು ಅಥವಾ ಐದರ ಕಟ್ಟಾಗಿರುತ್ತವೆಯೇ ಎಂದು ಎಣಿಸಿದರೆ ಮರದ ಗುರುತು ಹಿಡಿಯಲು ನೆರವಾಗುತ್ತದೆ.

ಅಣಬೆಯನ್ನು ಹಿಡಿದು ಎಳೆಯಬೇಡಿ. ಚಾಕುವನ್ನು ಬದಿಯಿಂದ ಆಳಕ್ಕೆ ಇಳಿಸಿ, ಬುಡವನ್ನು ಮರಳಿನ ಸಮೇತ ಎತ್ತಿ. ಬುಡದ ಬಿಳಿಯ ಎಳೆಗಳಿಗೆ ಮರಳಿನ ಕಣಗಳು ಪೋಣಿಸಿದಂತೆ ಅಂಟಿಕೊಂಡಿರುವುದು ಕಾಣಬಹುದು. ಆ ಎಳೆಗಳ ಬಣ್ಣವೂ ಗುರುತಿನ ಒಂದು ಸುಳಿವೇ. ನೀರಿನಲ್ಲಿ ತೊಳೆಯದೆ ಮೆತ್ತನೆಯ ಕುಂಚದಿಂದ ಮರಳನ್ನು ಉದುರಿಸಿ. ಕೊಡೆಯ ಮೇಲ್ಭಾಗ, ಅಡಿ, ಕಾಂಡ, ಬುಡ ಮತ್ತು ಉದ್ದುದ್ದಕ್ಕೆ ಸೀಳಿದ ಒಳಭಾಗ, ಇವೆಲ್ಲವನ್ನೂ ಅಳತೆಪಟ್ಟಿಯೊಡನೆ ಫೋಟೊ ತೆಗೆಯಿರಿ.

ಮನೆಯಲ್ಲಿ ಒಂದು ಕೊಡೆಯನ್ನು ಬಿಳಿಯ ಕಾಗದದ ಮೇಲೆ ರಂಧ್ರಗಳು ಕೆಳಗಾಗುವಂತೆ ಇಟ್ಟು ಬಟ್ಟಲು ಮುಚ್ಚಿದರೆ, ಬೆಳಗಾಗುವಷ್ಟರಲ್ಲಿ ಬೀಜಕಗಳು ಉದುರಿ ಅವುಗಳ ಬಣ್ಣ ತಿಳಿಯುತ್ತದೆ. ಉಳಿದದ್ದನ್ನು ಹೋಳು ಮಾಡಿ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಹೆಚ್ಚು ಕಾಯಿಸಿದರೆ ಡಿಎನ್ಎ ಕೆಡುತ್ತದೆ. ಫೋಟೊ, ಟಿಪ್ಪಣಿ, ಒಣಗಿದ ಮಾದರಿ ಮೂರಕ್ಕೂ ಒಂದೇ ಸಂಖ್ಯೆ ಕೊಡಿ. ಮಾದರಿಯನ್ನು ಸಂಗ್ರಹಾಲಯದಲ್ಲಿ ಇರಿಸಿದರೆ, ಹೆಸರು ಮುಂದೆ ಬದಲಾದರೂ ಅದನ್ನು ಮತ್ತೆ ಪರೀಕ್ಷಿಸಲು ಬರುತ್ತದೆ.

ಗುರುತು ಖಚಿತವಾಗದ ಅಣಬೆಯನ್ನು ತಿನ್ನುವ ಯೋಚನೆಯೂ ಬೇಡ. ಕೀಳುವ ಮುನ್ನ ಆ ಕಾಡಿಗೆ ಹೊಣೆಯಾದವರ ಅನುಮತಿ ಪಡೆಯಿರಿ. ನೆಲದೊಳಗಿನ ಶಿಲೀಂಧ್ರಜಾಲ ವರ್ಷಗಟ್ಟಲೆ ಬದುಕುವಂಥದ್ದಾದ್ದರಿಂದ, ಸ್ಥಳವನ್ನು ಗುರುತು ಮಾಡಿಟ್ಟುಕೊಂಡು ಮುಂದಿನ ಮಳೆಯ ನಂತರ ಅಲ್ಲಿಗೇ ಹೋಗಿ ನೋಡಿ.