ಈ ಪುಟ ಯಾರದ್ದು ಅಂತ ಆ ತಾಯಿ ಮೊದಲು ಕೇಳುತ್ತಾರೆ

ಸಿಡ್ನಿಯಿಂದ ಬಂದ ಪತ್ರ ಇದು. ಬರೆದವರು ಹಾಸನದ ಕಡೆಯವರು, ಹೆಸರು ಹಾಕಬೇಡಿ ಅಂದಿದ್ದಾರೆ. ವೆಬ್‌ಸೈಟ್ ವಿನ್ಯಾಸ ಅವರ ಕೆಲಸ. ಅವರ ತಂಡಕ್ಕೆ ಈಗ ಹೊಸದೊಂದು ಕೆಲಸ ಬಂದಿದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಅಬೊರಿಜಿನಲ್, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿ ತಂದೆತಾಯಿಗಳಿಗಾಗಿ ಒಂದು ಕಾನೂನು ಮಾಹಿತಿಯ ವೆಬ್‌ಸೈಟ್ ಮಾಡಬೇಕು. ಮಕ್ಕಳನ್ನು ಸರ್ಕಾರ ಕರೆದುಕೊಂಡು ಹೋಗುವ ಪರಿಸ್ಥಿತಿ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಕೋರ್ಟಿನಲ್ಲಿ ಏನು ನಡೆಯುತ್ತದೆ ಅಂತ ಅದು ತಿಳಿಸಬೇಕು. ಮೊದಲ ಪುಟದ ಕರಡನ್ನೂ ಕಳಿಸಿದ್ದಾರೆ. ಕೇಳಿರುವುದು ಮೂರು ಪ್ರಶ್ನೆ: "ಚುಕ್ಕಿ ಚಿತ್ರ, ಮಣ್ಣಿನ ಬಣ್ಣ, ಸರಳ ಇಂಗ್ಲಿಷ್ ಎಲ್ಲಾ ಆಗಿದೆ, ಇನ್ನೇನು ಬೇಕು? ಹೊರಗಿನವಳಾದ ನಾನು ಇದನ್ನು ಮಾಡಬಹುದಾ? ನಾರ್ವೆಯಲ್ಲಿ ನಮ್ಮವರಿಗೆ ಆಗಿದ್ದೇ ಅಲ್ವಾ ಇವರಿಗೂ ಆಗುತ್ತಿರುವುದು?"

ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ಎರಡಕ್ಕೂ ಉತ್ತರ ಅದರಲ್ಲೇ ಇದೆ.

ಅದೇ ಅಲ್ಲ. 2011ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಒಂದು ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಇಲಾಖೆ ತೆಗೆದುಕೊಂಡು ಹೋದಾಗ ನಮಗೆಲ್ಲ ಹೊಟ್ಟೆ ಉರಿದಿತ್ತು. ಆದರೆ ಆ ತಂದೆತಾಯಿಯ ಹಿಂದೆ ಒಂದು ದೇಶ ನಿಂತಿತ್ತು. ದೆಹಲಿಯಿಂದ ವಿದೇಶಾಂಗ ಇಲಾಖೆ ಮಾತಾಡಿತು, ಮರುವರ್ಷ ಮಕ್ಕಳು ಭಾರತದಲ್ಲಿದ್ದ ಚಿಕ್ಕಪ್ಪನ ಬಳಿಗೆ ಬಂದರು. ಅಬೊರಿಜಿನಲ್ ತಾಯಿಗೆ ಹಾಗೆ ಹೋಗಿ ಹೇಳಿಕೊಳ್ಳಲು ಬೇರೆ ದೇಶ ಇಲ್ಲ. ಮಗುವನ್ನು ಕರೆದುಕೊಂಡು ಹೋಗುವ ಸರ್ಕಾರವೂ ಅದೇ, ಹಕ್ಕು ಏನು ಅಂತ ಹೇಳುವ ಸರ್ಕಾರವೂ ಅದೇ. ನಿಮ್ಮ ವೆಬ್‌ಸೈಟಿಗೆ ಹಣ ಎಲ್ಲಿಂದ ಬಂತು ಅಂತ ನೀವು ಬರೆದಿಲ್ಲ. ಆ ತಾಯಿ ಮೊದಲು ಕೇಳುವುದೇ ಅದನ್ನು.

ಇನ್ನೊಂದು ವಿಷಯ. ನಾರ್ವೆಯದ್ದು ಒಂದು ಮನೆಗೆ ಬಂದ ಕಷ್ಟ. ಇಲ್ಲಿ ಅಜ್ಜಿಗೆ ಆಗಿದ್ದು ಮಗಳಿಗೆ, ಮಗಳಿಗೆ ಆಗಿದ್ದು ಮೊಮ್ಮಗಳಿಗೆ. 1915ರಲ್ಲಿ ನ್ಯೂ ಸೌತ್ ವೇಲ್ಸ್‌ನ ಕಾನೂನು ತಿದ್ದಿ, ಕೋರ್ಟಿನ ಮುಂದೆ ಹೋಗದೆಯೇ ಅಬೊರಿಜಿನಲ್ ಮಗುವನ್ನು ಕರೆದೊಯ್ಯುವ ಅಧಿಕಾರವನ್ನು ಅಲ್ಲಿನ ಸಂರಕ್ಷಣಾ ಮಂಡಳಿಗೆ ಕೊಟ್ಟರು. ಕೆಂಪ್ಸಿ ಊರಿನ ಹತ್ತಿರದ ಕಿಂಚೆಲಾ ಬಾಲಕರ ಮನೆಯಲ್ಲಿ 1924ರಿಂದ 1970ರವರೆಗೆ ಹುಡುಗರನ್ನು ಹೆಸರಿನಿಂದಲ್ಲ, ನಂಬರಿನಿಂದ ಕರೆಯುತ್ತಿದ್ದರು. ಹೀಗೆ ಮಕ್ಕಳನ್ನು ಕರೆದೊಯ್ದದ್ದರ ಬಗ್ಗೆ ವಿಚಾರಣೆ ನಡೆಸಿ 1997ರಲ್ಲಿ ಬಂದ 'ಬ್ರಿಂಗಿಂಗ್ ದೆಮ್ ಹೋಮ್' ವರದಿಯ ಅಂದಾಜಿನ ಪ್ರಕಾರ 1910ರಿಂದ 1970ರ ನಡುವೆ ಹತ್ತು ಮೂಲನಿವಾಸಿ ಮಕ್ಕಳಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರವರೆಗೂ ಮನೆಯಿಂದ ದೂರಾದರು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ ಮೇಲೂ ನಿಂತಿಲ್ಲ. ಆಸ್ಟ್ರೇಲಿಯಾದ ಮಕ್ಕಳಲ್ಲಿ ಮೂಲನಿವಾಸಿ ಮಕ್ಕಳು ನೂರಕ್ಕೆ ಆರು, ಮನೆಯಿಂದ ಹೊರಗೆ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಲ್ಲಿ ಅವರು ನೂರಕ್ಕೆ ನಲವತ್ತಕ್ಕೂ ಜಾಸ್ತಿ.

ಈಗ ನಿಮ್ಮ ಕರಡು ನೋಡೋಣ. ಮೇಲ್ಗಡೆ ದೊಡ್ಡಕ್ಷರದಲ್ಲಿ 'ಚೈಲ್ಡ್ ವೆಲ್ಫೇರ್' ಅಂತ ಇದೆ. ನಮಗೆ ಅದು ಮಕ್ಕಳ ಕಲ್ಯಾಣ, ಕಲ್ಯಾಣ ಅಂದರೆ ಒಳ್ಳೆಯದು. ಆದರೆ 1940ರಿಂದ 1969ರವರೆಗೆ, ಮಕ್ಕಳನ್ನು ಕರೆದೊಯ್ಯುತ್ತಿದ್ದ ಆ ಮಂಡಳಿಯ ಹೆಸರೇ 'ವೆಲ್ಫೇರ್ ಬೋರ್ಡ್'. 'ವೆಲ್ಫೇರ್ ಬಂತು' ಅಂದರೆ ಮಕ್ಕಳನ್ನು ಬಚ್ಚಿಡುತ್ತಿದ್ದ ಮನೆಗಳಿವೆ. ಆ ಪದ ತೆಗೆಯಿರಿ. ಈಗ ಮಕ್ಕಳನ್ನು ಕರೆದೊಯ್ಯುವ ರಾಜ್ಯದ ಇಲಾಖೆಗೆ 2019ರಿಂದ ಡಿಸಿಜೆ (DCJ) ಅಂತ ಚಿಕ್ಕ ಹೆಸರು, ಅದಕ್ಕೆ ಮೊದಲು ಫ್ಯಾಕ್ಸ್ (FACS), ಅದಕ್ಕೂ ಮೊದಲು ಡಾಕ್ಸ್ (DOCS). ಜನ ಇವತ್ತಿಗೂ ಡಾಕ್ಸ್ ಅಂತಲೇ ಅನ್ನುತ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಫೋನಿನಲ್ಲಿ ಹುಡುಕುವಾಗ ಅವರು ಟೈಪ್ ಮಾಡುವುದೂ 'ಡಾಕ್ಸ್ ನನ್ನ ಮಗುವನ್ನು ಕರೆದುಕೊಂಡು ಹೋದರು' ಅಂತಲೇ. ನಿಮ್ಮ ಪುಟದಲ್ಲಿ ಆ ಪದ ಒಂದು ಕಡೆಯೂ ಇಲ್ಲದಿದ್ದರೆ ಅವರಿಗೆ ನಿಮ್ಮ ಪುಟ ಸಿಗುವುದೇ ಇಲ್ಲ.

ನಾನು ಕೆಲವು ವರ್ಷ ಪಶ್ಚಿಮ ಸಿಡ್ನಿಯ ಒಂದು ಉಚಿತ ಕಾನೂನು ಸಲಹಾ ಕೇಂದ್ರದ ಮುಂದಿನ ಮೇಜಿನಲ್ಲಿ ಶನಿವಾರ ಕೂರುತ್ತಿದ್ದೆ. ಲಾಯರ್ ಅಲ್ಲ ನಾನು, ಹೆಸರು ಬರೆದುಕೊಂಡು ನೀರು ಕೊಡುವ ಕೆಲಸ. ಒಂದು ದಿನ ಒಬ್ಬ ತಾಯಿ ಬಂದರು. ಕೈಯಲ್ಲಿ ಕೋರ್ಟಿನ ಕಾಗದ, ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಅವರ ಜೊತೆ ಕೂತು ಅವರ ಫೋನಿನಲ್ಲೇ ಒಂದು ಮಾಹಿತಿ ಪುಟ ತೆರೆದೆವು. ಗಾಜು ಒಡೆದ ಫೋನ್, ಪ್ರೀಪೇಯ್ಡ್ ಸಿಮ್. ಪುಟ ತೆರೆಯುವುದಕ್ಕೇ ಬಹಳ ಹೊತ್ತಾಯಿತು. ತೆರೆದ ಕೂಡಲೇ ಒಂದು ಚೌಕ ಬಂತು: 'ನಿಮಗೆ ಸರಿಯಾದ ಮಾಹಿತಿ ಕೊಡಲು ನಿಮ್ಮ ಪೋಸ್ಟ್‌ಕೋಡ್ ಹಾಕಿ.' ಅವರು ಬೆರಳು ಹಿಂದಕ್ಕೆ ತೆಗೆದರು. "ಇದು ಯಾರದ್ದು? ಅವರಿಗೆ ಗೊತ್ತಾಗುತ್ತಾ?" ಅಂದರು. ಆ ಫೋನಿನಲ್ಲಿ ಮತ್ತೆ ಏನನ್ನೂ ತೆರೆಯಲಿಲ್ಲ. ಒಳಗಿದ್ದ ಮಾಹಿತಿ ತುಂಬಾ ಚೆನ್ನಾಗಿತ್ತು, ನಾನೇ ಆಮೇಲೆ ಕೂತು ಓದಿದೆ. ಅವರಿಗೆ ಅದು ಸಿಗಲಿಲ್ಲ ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ, ಏನನ್ನೂ ಕೇಳಬೇಡಿ. ಹೆಸರು ಬೇಡ, ಪೋಸ್ಟ್‌ಕೋಡ್ ಬೇಡ, 'ನಿಮ್ಮ ಸ್ಥಳ ತಿಳಿಯಲು ಅನುಮತಿ ಕೊಡಿ' ಬೇಡವೇ ಬೇಡ. ಮಾರ್ಕೆಟಿಂಗ್‌ನವರು ಸುಮ್ನೆ ಒಂದು ಫೇಸ್‌ಬುಕ್ ಪಿಕ್ಸೆಲ್, ಅಂದರೆ ಪುಟ ನೋಡಿದವರ ಸುಳಿವನ್ನು ಫೇಸ್‌ಬುಕ್‌ಗೆ ಕಳಿಸುವ ಚಿಕ್ಕ ಕೋಡ್, ಹಾಕೋಣ ಅಂತ ಬರುತ್ತಾರೆ. ಹಾಕಿದರೆ ನಾಳೆ ಆ ತಾಯಿಯ ಫೀಡಿನಲ್ಲಿ ಕುಟುಂಬ ವಕೀಲರ ಜಾಹೀರಾತು ಬಂದು ನಿಲ್ಲುತ್ತದೆ, ಪಕ್ಕದಲ್ಲಿ ಕೂತವರು ನೋಡುತ್ತಾರೆ. ಫೋನ್ ಒಬ್ಬರದ್ದೇ ಆಗಿರುವುದಿಲ್ಲ, ಮನೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಬ್ರೌಸರಿನ ಟ್ಯಾಬಿನ ಮೇಲೆ ಕಾಣುವ ಹೆಸರೂ ಹಾಗೇ, ಅಲ್ಲಿ ಮಗು, ಕೋರ್ಟು, ಹೊಡೆತ ಅಂತ ಏನೂ ಬರಬಾರದು. 'ಬೇಗ ಹೊರಗೆ ಹೋಗಿ' ಬಟನ್ ಇಟ್ಟಿದ್ದೀರಿ, ಒಳ್ಳೆಯದು. ಆದರೆ ಅದನ್ನು ಒತ್ತಿದ ಮೇಲೂ ಫೋನಿನ ಹಿಸ್ಟರಿಯಲ್ಲಿ ಪುಟ ಉಳಿಯುತ್ತದೆ ಅನ್ನುವ ಮಾತನ್ನು ಬಟನ್ ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ಸುಳ್ಳು ಧೈರ್ಯ ಕೊಟ್ಟ ಹಾಗಾಗುತ್ತದೆ.

ನಿಮ್ಮ ಪತ್ರದಲ್ಲಿ 'ಸಾಂಸ್ಕೃತಿಕ ಸುರಕ್ಷತೆ' ಅನ್ನುವ ಮಾತು ಆರು ಸಲ ಬಂದಿದೆ. ಈ ಮಾತು ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, 1980ರ ದಶಕದ ಕೊನೆಯಲ್ಲಿ, ನರ್ಸಿಂಗ್ ಶಾಲೆಗಳಲ್ಲಿ. ಅದಕ್ಕೆ ರೂಪ ಕೊಟ್ಟವರು ಇರಿಹಪೆಟಿ ರಾಮ್‌ಸ್ಡನ್ ಅನ್ನುವ ಮಾವೊರಿ ನರ್ಸ್. ಅವರು ಹೇಳಿದ್ದು ಚಿಕ್ಕ ಮಾತು, ಆದರೆ ಎಲ್ಲವನ್ನೂ ತಿರುಗಿಸಿಬಿಡುತ್ತದೆ: ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಅಂತ ಹೇಳಬೇಕಾದವರು ಆರೈಕೆ ಪಡೆದವರು, ಕೊಟ್ಟವರಲ್ಲ. ಹಾಗಾಗಿ 'ನಮ್ಮ ಸೈಟ್ ಸುರಕ್ಷಿತವಾಗಿದೆ' ಅಂತ ನೀವೂ ಹೇಳುವ ಹಾಗಿಲ್ಲ, ನಾನೂ ಹೇಳುವ ಹಾಗಿಲ್ಲ.

ಚುಕ್ಕಿ ಚಿತ್ರದ ವಿಷಯಕ್ಕೆ ಬರುತ್ತೇನೆ. ನೀವು ನೋಡಿರುವ ಆ ಚುಕ್ಕಿ ಶೈಲಿ ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯದ್ದು, 1971ರ ಸುಮಾರಿಗೆ ಅಲ್ಲಿನ ಪಾಪುನ್ಯಾ ಅನ್ನುವ ಊರಿನಲ್ಲಿ ಬೋರ್ಡು, ಕ್ಯಾನ್ವಾಸಿಗೆ ಬಂದದ್ದು. ನ್ಯೂ ಸೌತ್ ವೇಲ್ಸ್‌ನ ವಿರಾಜುರಿ, ಗಮಿಲರಾಯ್ ಜನ ಮರದ ಕಾಂಡದ ಮೇಲೆ ಗೆರೆ ಕೆತ್ತುತ್ತಿದ್ದವರು. ಕರಾವಳಿಯ ಕನ್ನಡದ ಮನೆಯವರಿಗೆ ವೆಬ್‌ಸೈಟ್ ಮಾಡಿ ಅದರ ತುಂಬಾ ಪಂಜಾಬಿನ ಫುಲ್ಕಾರಿ ಹಾಕಿ 'ಇದು ನಿಮ್ಮದು' ಅಂದರೆ ನಮಗೆ ಹೇಗನಿಸುತ್ತದೆ? ಸ್ಟಾಕ್ ಚಿತ್ರ ಖರೀದಿಸಬೇಡಿ. ಆ ನೆಲದ ಕಲಾವಿದರೊಬ್ಬರನ್ನು ಹುಡುಕಿ, ಸರಿಯಾದ ಹಣ ಕೊಡಿ, ಹೆಸರು ಹಾಕಿ, ಚಿತ್ರ ಎಲ್ಲೆಲ್ಲಿ ಬಳಸಬಹುದು ಅಂತ ಅವರೇ ಬರೆದುಕೊಡಲಿ. ಅಳುವ ತಾಯಿ, ಖಾಲಿ ಉಯ್ಯಾಲೆಯ ಫೋಟೋ ದಯವಿಟ್ಟು ತೆಗೆದುಹಾಕಿ.

ಹಿರಿಯರ ವಿಡಿಯೊ ಹಾಕುತ್ತೀರಿ ಅಂದಿದ್ದೀರಿ. ಒಳ್ಳೆಯ ಯೋಚನೆ, ಕೇಳುವುದು ಓದುವುದಕ್ಕಿಂತ ಎಷ್ಟೋ ಜನಕ್ಕೆ ಸುಲಭ. ಆದರೆ ತೀರಿಕೊಂಡವರ ಮುಖ, ದನಿ, ಹೆಸರು ಎದುರಿಗೆ ಬರುವುದು ಹಲವು ಸಮುದಾಯಗಳಲ್ಲಿ ದೊಡ್ಡ ನೋವಿನ ಸಂಗತಿ. ಆಸ್ಟ್ರೇಲಿಯಾದ ಟಿವಿಯಲ್ಲಿ ಮೊದಲೇ ಎಚ್ಚರಿಕೆಯ ಸಾಲು ತೋರಿಸುವುದನ್ನು ನೀವೂ ನೋಡಿರುತ್ತೀರಿ. ವಿಡಿಯೊದಲ್ಲಿರುವವರು ತೀರಿಕೊಂಡರೆ ಅವರ ಮನೆಯವರು ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆಯೊಳಗೆ ಅದು ಕೆಳಗಿಳಿಯುತ್ತದೆ, ಮತ್ತೆ ಹಾಕಬಹುದು ಅಂತ ಯಾರು ಹೇಳಬೇಕು ಅನ್ನುವುದನ್ನೆಲ್ಲ ಇವತ್ತೇ ಬರೆದಿಡಿ. ಆ ದಿನ ಬಂದಾಗ ತಾಂತ್ರಿಕ ತಂಡಕ್ಕೆ ಕೋರಿಕೆ ಹಾಕಿ ಕಾಯುವ ಹಾಗಾಗಬಾರದು.

ಇನ್ನು ಆ 'ಹೌದು / ಇಲ್ಲ' ಪ್ರಶ್ನೆಗಳು. ಭಾಷಾ ವಿದ್ವಾಂಸೆ ಡಯಾನಾ ಈಡ್ಸ್ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ ಸಂಗತಿ ಇದು: ಅಧಿಕಾರಿ ಪ್ರಶ್ನೆ ಕೇಳಿದಾಗ ಎಷ್ಟೋ ಅಬೊರಿಜಿನಲ್ ಜನ ಒಪ್ಪಿದ್ದಕ್ಕಲ್ಲ, ಮಾತು ಬೇಗ ಮುಗಿಯಲಿ ಅಂತ ಹೌದು ಅನ್ನುತ್ತಾರೆ. ನಮ್ಮ ಹಳ್ಳಿಯವರು ತಾಲ್ಲೂಕು ಕಚೇರಿಯಲ್ಲಿ ಹೂಂಗುಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. 1976ರಲ್ಲೇ ನಾರ್ದರ್ನ್ ಟೆರಿಟರಿಯ ಕೋರ್ಟು ಅನುಂಗಾ ಪ್ರಕರಣದಲ್ಲಿ ಪೊಲೀಸರಿಗೆ ನಿಯಮ ಹಾಕಿತು, ಸುಮ್ನೆ 'ಅರ್ಥವಾಯಿತಾ' ಅಂತ ಕೇಳಿ ಮುಂದೆ ಹೋಗಬೇಡಿ, ಅರ್ಥವಾದದ್ದನ್ನು ಅವರ ಮಾತಿನಲ್ಲೇ ಹೇಳಿಸಿ ಅಂತ. ನಿಮ್ಮ ಪುಟದಲ್ಲಿರುವ 'ಇದು ಉಪಯೋಗವಾಯಿತೇ? ಹೌದು / ಇಲ್ಲ' ಅನ್ನುವುದರಿಂದ ನಿಮಗೆ ಏನೂ ತಿಳಿಯುವುದಿಲ್ಲ. 'ನಿಮ್ಮ ಮನೆ ಮಗುವಿಗೆ ಸುರಕ್ಷಿತವೇ?' ಅನ್ನುವ ಸ್ವಯಂ ಪರೀಕ್ಷೆಯಂತೂ ಭಯ ಹುಟ್ಟಿಸುತ್ತದೆ. ಅದನ್ನು ಈ ರಾತ್ರಿಯೇ ಅಳಿಸಿ.

ನಿಮ್ಮ ಕನ್ನಡ ನಿಮಗೆ ನಿಜವಾಗಿ ಸಹಾಯಕ್ಕೆ ಬರುವ ಜಾಗ ಒಂದಿದೆ. ಕುಟುಂಬದ ಪುಟದಲ್ಲಿ ನೀವು ಅಮ್ಮ, ಅಪ್ಪ, ಅಜ್ಜಿ, ಆಂಟಿ ಅಂತ ನಾಲ್ಕು ಖಾನೆ ಮಾಡಿದ್ದೀರಿ. ನಮ್ಮಲ್ಲಿ ಅಮ್ಮನ ಅಕ್ಕ ಆಂಟಿಯಾ? ಅವರು ದೊಡ್ಡಮ್ಮ, ತಂಗಿ ಚಿಕ್ಕಮ್ಮ, ಇಬ್ಬರೂ ಅಮ್ಮಂದಿರೇ. ಅವರ ಮಕ್ಕಳು ನಮಗೆ ಅಣ್ಣ ತಂಗಿ. ಎಷ್ಟೋ ಅಬೊರಿಜಿನಲ್ ಮನೆಗಳಲ್ಲಿಯೂ ಹಾಗೇ, ತಾಯಿಯ ಅಕ್ಕ ತಂಗಿಯರು ಮಗುವಿಗೆ ತಾಯಂದಿರು. ಆ ಖಾನೆ ನೋಡಿದ ಕೂಡಲೇ ಇದು ನಮ್ಮನ್ನು ತಿಳಿದವರು ಮಾಡಿದ್ದಲ್ಲ ಅಂತ ಗೊತ್ತಾಗಿಬಿಡುತ್ತದೆ. ಮತ್ತೆ ಇದು ಮರ್ಯಾದೆಯ ವಿಷಯ ಮಾತ್ರ ಅಲ್ಲ, ಕಾನೂನಿನ ವಿಷಯ. ಮಗುವನ್ನು ಮನೆಯಿಂದ ಹೊರಗೆ ಇಡಲೇಬೇಕು ಅಂತಾದರೆ ಮೊದಲು ಬಂಧುಗಳ ಬಳಿ, ಆಮೇಲೆ ಆ ಮಗುವಿನ ಸಮುದಾಯದವರ ಬಳಿ, ಹೊರಗಿನವರು ಕಟ್ಟಕಡೆಗೆ ಅಂತ ನ್ಯೂ ಸೌತ್ ವೇಲ್ಸ್‌ನ 1998ರ ಮಕ್ಕಳ ಆರೈಕೆ, ರಕ್ಷಣೆಯ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬಂಧುಗಳ ಹೆಸರುಗಳನ್ನು ಬೇಗ ಬರೆದಿಟ್ಟುಕೊಳ್ಳಿ, ಲಾಯರ್ ಕೈಗೆ ಕೊಡಿ ಅಂತ ಹೇಳುವ ಪುಟ ನಿಮ್ಮ ಸೈಟಿನ ಅತಿ ಉಪಯೋಗದ ಪುಟ ಆಗಬಹುದು. ಖಾನೆ ಬೇಡ, ಖಾಲಿ ಗೆರೆ ಸಾಕು. ಅದೂ ಪರದೆಯ ಮೇಲಲ್ಲ, ಪ್ರಿಂಟ್ ತೆಗೆದು ಪೆನ್ನಿನಲ್ಲಿ ಬರೆಯುವ ಹಾಗೆ.

ಕಾನೂನಿನ ಮಾತನ್ನೂ ತಾಯಿ ಕೇಳುವ ಕ್ರಮದಲ್ಲಿ ಇಡಿ. ನಿಮ್ಮಲ್ಲಿ 'ಕಾಯ್ದೆಯ ಪರಿಚಯ' ಮೊದಲಿದೆ. ಮಗುವನ್ನು ಇವತ್ತು ಮಧ್ಯಾಹ್ನ ಕರೆದೊಯ್ದಿದ್ದಾರೆ, ಅವರಿಗೆ ಪರಿಚಯ ಯಾಕೆ? ಇಲಾಖೆ 3 ಕೆಲಸದ ದಿನಗಳೊಳಗೆ ಮಕ್ಕಳ ಕೋರ್ಟಿಗೆ ಹೋಗಲೇಬೇಕು, ಅಷ್ಟರೊಳಗೆ ನಿಮಗೊಬ್ಬ ಲಾಯರ್ ಬೇಕು, ಅಬೊರಿಜಿನಲ್ ಲೀಗಲ್ ಸರ್ವೀಸ್ ಅಥವಾ ಲೀಗಲ್ ಏಡ್‌ಗೆ ಈಗಲೇ ಫೋನ್ ಮಾಡಿ. ಇದು ಮೊದಲ ಸಾಲು. ಕುಟುಂಬ ಒಡೆಯದಂತೆ ತಡೆಯಲು ಇಲಾಖೆ ಸಕ್ರಿಯವಾಗಿ ಪ್ರಯತ್ನ ಮಾಡಿರಬೇಕು ಅನ್ನುವ ನಿಯಮ 2023ರಲ್ಲಿ ಜಾರಿಗೆ ಬಂದಿದೆ. 'ಏನೇನು ಪ್ರಯತ್ನ ಮಾಡಿದಿರಿ?' ಅಂತ ಲಾಯರ್ ಮೂಲಕ ಕೇಳಿಸುವ ಹಕ್ಕು ತಂದೆತಾಯಿಗೆ ಇದೆ, ಇದನ್ನೂ ಮೇಲೆಯೇ ಬರೆಯಿರಿ. ಈ ನಿಯಮ ಸುಮ್ನೆ ಬರಲಿಲ್ಲ. ಪ್ರೊಫೆಸರ್ ಮೇಗನ್ ಡೇವಿಸ್ ನೇತೃತ್ವದಲ್ಲಿ 1,144 ಅಬೊರಿಜಿನಲ್ ಮಕ್ಕಳ ಪ್ರಕರಣಗಳನ್ನು ಪರಿಶೀಲಿಸಿ 2019ರಲ್ಲಿ ಬಂದ 'ಫ್ಯಾಮಿಲಿ ಈಸ್ ಕಲ್ಚರ್' ವರದಿ ಇದರ ಹಿಂದೆ ಇದೆ. ಕೆಲವು ಪ್ರಕರಣಗಳಲ್ಲಿ ಕೋರ್ಟಿನ ಮುಂದೆ ದಾರಿ ತಪ್ಪಿಸುವ ಮಾಹಿತಿ ಇಡಲಾಗಿತ್ತು ಅಂತ ಅದೇ ವರದಿ ಹೇಳಿದೆ. ಬಸುರಿಯರಿಗೂ ಒಂದು ಪುಟ ಬೇಕು. ಹೆರಿಗೆ ಆದ ಕೂಡಲೇ ಮಗುವನ್ನು ತೆಗೆದುಕೊಂಡುಬಿಡುತ್ತಾರೆ ಅನ್ನುವ ಹೆದರಿಕೆಗೆ ಆಸ್ಪತ್ರೆಯ ಕಡೆಗೇ ಹೋಗದವರಿದ್ದಾರೆ.

ಫೋನ್ ನಂಬರನ್ನು ಬಟನ್ ಒಳಗೆ ಬಚ್ಚಿಡಬೇಡಿ, ಅಂಕಿಯಲ್ಲೇ ದೊಡ್ಡದಾಗಿ ಬರೆಯಿರಿ. ಕರೆನ್ಸಿ ಖಾಲಿಯಾಗಿದ್ದರೆ ಅವರು ಬೀದಿಯ ಟೆಲ್‌ಸ್ಟ್ರಾ ಬೂತಿಗೆ ಹೋಗಿ ಮಾಡಬಹುದು, 2021ರಿಂದ ಅಲ್ಲಿಂದ ದೇಶದೊಳಗಿನ ಕರೆ ಉಚಿತ. ನಂಬರನ್ನು ಕೈ ಮೇಲೆ ಬರೆದುಕೊಂಡು ಹೋಗುವ ಹಾಗಿರಲಿ.

ಹೊರಗಿನವಳು ನಾನು ಮಾಡಬಹುದಾ ಅಂತ ಕೇಳಿದ್ದೀರಿ. ಕೋಡ್ ಬರೆಯಬಹುದು, ಪುಟ ಹಗುರ ಮಾಡಬಹುದು, ಹೇಳಿದ್ದನ್ನು ಕೇಳಿಸಿಕೊಳ್ಳಬಹುದು. ಆದರೆ ಯಾವ ಮಾತು ಇರಬೇಕು, ಯಾವುದು ಬೇಡ ಅನ್ನುವ ಕೊನೆಯ ತೀರ್ಮಾನ ನಿಮ್ಮ ಮ್ಯಾನೇಜರ್ ಕೈಯಲ್ಲಿ ಇದ್ದರೆ ನೀವು ಚೆನ್ನಾಗಿ ಮಾಡಿದರೂ ಕೆಟ್ಟುಹೋಗುತ್ತದೆ. ಡೊಮೇನ್ ಹೆಸರು, ಪಾಸ್‌ವರ್ಡ್, ಮುಂದಿನ ವರ್ಷಗಳ ನಿರ್ವಹಣೆಯ ಹಣ, ಇವೆಲ್ಲ ಒಂದು ಅಬೊರಿಜಿನಲ್ ಸಂಸ್ಥೆಯ ಕೈಯಲ್ಲಿ ಇರಲಿ ಅಂತ ಒಪ್ಪಂದದಲ್ಲೇ ಬರೆಸಿ. ಹಣ ಸರ್ಕಾರದ್ದಾದರೆ ಅದನ್ನೂ ಮೊದಲ ಪುಟದಲ್ಲೇ ನೇರವಾಗಿ ಹೇಳಿ, ನೀವು ಇಲ್ಲಿ ಏನು ಓದಿದಿರಿ ಅನ್ನುವುದು ಇಲಾಖೆಗೆ ಹೋಗುವುದಿಲ್ಲ ಅಂತಲೂ ಹೇಳಿ. ಹಾಗೆ ಹೇಳುವ ಮೊದಲು ಅದು ನಿಜ ಅಂತ ನೀವೇ ಸರ್ವರ್ ಲಾಗ್ ತೆರೆದು ನೋಡಿಕೊಳ್ಳಿ.

ಮುಂದಿನ ವಾರ ಆರು ಜನ ತಾಯಂದಿರಿಗೆ ಕರಡು ತೋರಿಸುತ್ತೇವೆ ಅಂದಿದ್ದೀರಿ. ಹಣವನ್ನು ಮಾತು ಶುರುವಾಗುವ ಮೊದಲೇ ಕೊಟ್ಟುಬಿಡಿ, ನಡುವೆ ಎದ್ದು ಹೋದರೂ ಅದು ಅವರದ್ದೇ ಅಂತ ಹೇಳಿ. ಮಕ್ಕಳನ್ನು ನೋಡಿಕೊಳ್ಳಲು ಅವರಿಗೆ ಪರಿಚಯ ಇರುವ ಒಬ್ಬರು ಪಕ್ಕದ ಕೋಣೆಯಲ್ಲಿರಲಿ, ಬಾಗಿಲು ತೆರೆದಿರಲಿ, ಮಕ್ಕಳು ಕಣ್ಣಿಗೆ ಕಾಣುತ್ತಿರಲಿ. ರೆಕಾರ್ಡ್ ಮಾಡಬೇಡಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಆ ಮೌನ ತುಂಬಿಸಲು ಹೋಗಬೇಡಿ. ಅವರು ಬೇಡ ಅಂದದ್ದರ ಪಟ್ಟಿಯನ್ನು ಆಮೇಲೆ, ಅವರು ಒಪ್ಪಿದರೆ, ನನಗೂ ಕಳಿಸಿ.